ತುಂಬಾ ಹಚ್ಚಿಕೊಂಡವರು

ಮಧ್ಯಾಹ್ನ ಮೂರು ಗಂಟೆಗೆ ‘ಏನ್ ಮಾಡ್ತಿದೀರಿ?’ ಎಂದು ಕಳಿಸಿದ ಸಂದೇಶಕ್ಕೆ ಐದು ನಿಮಿಷದಲ್ಲಿ ಎರಡು ನೀಲಿ ಟಿಕ್ ಬೀಳುತ್ತವೆ. ಉತ್ತರ ಮಾತ್ರ ಬರುವುದಿಲ್ಲ. ಮೂರೂವರೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹೋಗುತ್ತದೆ. ನಾಲ್ಕಕ್ಕೆ ‘ಬ್ಯುಸಿನಾ?’ ನಾಲ್ಕೂಕಾಲಿಗೆ ‘ಸರಿ, ಬಿಡಿ.’ ಐದಕ್ಕೆ ಎರಡು ಸಲ ಫೋನ್. ಮೀಟಿಂಗ್ ಮುಗಿಸಿಕೊಂಡು ಏಳಕ್ಕೆ ಆತ ‘ಈಗ ನೋಡಿದೆ, ಏನಾಯ್ತು?’ ಎಂದು ಕೇಳುವ ಹೊತ್ತಿಗೆ ಇತ್ತ ಮುಖ ಊದಿದೆ, ಜಗಳಕ್ಕೆ ಬೇಕಾದ ಹಳೆಯ ಲೆಕ್ಕಗಳೆಲ್ಲ ಹೊರಬಂದಿವೆ. ‘ಏನಿಲ್ಲ’ ಎಂಬ ಒಂದೇ ಮಾತು ಬರುತ್ತದೆ. ಏನೋ ಇದೆ ಎಂದು ಇಬ್ಬರಿಗೂ ಗೊತ್ತು.

ಹೆಣ್ಣು ಗಂಡನ್ನು ಅದಲುಬದಲು ಮಾಡಿಕೊಂಡು ಓದಿದರೂ ಕಥೆ ಕೆಡುವುದಿಲ್ಲ. ಗಂಡ–ಹೆಂಡತಿಯ ಜಾಗದಲ್ಲಿ ಗೆಳತಿಯರಿಬ್ಬರನ್ನು, ನ್ಯೂಜೆರ್ಸಿಯಲ್ಲಿರುವ ಮಗನನ್ನೂ ದಾವಣಗೆರೆಯಲ್ಲಿರುವ ತಾಯಿಯನ್ನೂ ಇಟ್ಟು ನೋಡಬಹುದು. ವಾಟ್ಸ್‌ಆ್ಯಪ್ ಈ ನೀಲಿ ಟಿಕ್ಕನ್ನು ತಂದದ್ದು 2014ರ ನವೆಂಬರ್‌ನಲ್ಲಿ. ಬಳಕೆದಾರರು ಕಿರಿಕಿರಿಗೊಂಡು ಗದ್ದಲ ಮಾಡಿದ ಮೇಲೆ ಅದನ್ನು ಮರೆಮಾಡುವ ಸೌಲಭ್ಯವನ್ನೂ ಬೇಗನೆ ಕೊಡಬೇಕಾಯಿತು. ಟಿಕ್ ಇಲ್ಲದ ಕಾಲದಲ್ಲೂ ಈ ತಳಮಳವಿತ್ತು. ಆಗ ಅಂಚೆಯವನ ದಾರಿ ಕಾಯುತ್ತಿದ್ದರು, ಅಷ್ಟೆ. ಆದರೆ ಅಂಚೆಯವನು ದಿನಕ್ಕೊಮ್ಮೆ ಬರುತ್ತಿದ್ದ. ಬರಲಿಲ್ಲವೆಂದರೆ ನಾಳೆಯವರೆಗೆ ನಿರಾಳ.

ಇಂಥವರಿಗೆ ಸಿಗುವ ಉಪದೇಶ ಹೆಚ್ಚುಕಡಿಮೆ ಒಂದೇ ಬಗೆಯದು: ಮೊದಲು ನಿನ್ನನ್ನು ನೀನು ಪ್ರೀತಿಸಿಕೋ, ಯಾರನ್ನೂ ಅಷ್ಟು ಹಚ್ಚಿಕೊಳ್ಳಬೇಡ, ನಿನ್ನ ಸಂತೋಷ ನಿನ್ನ ಕೈಯಲ್ಲೇ ಇದೆ. ರೀಲ್ಸ್‌ಗಳಲ್ಲಿ ಇದು ಹಿನ್ನೆಲೆ ಸಂಗೀತದ ಸಮೇತ ಬರುತ್ತದೆ. ನನಗೆ ಈ ಉಪದೇಶದ ಮೇಲೆ ನಂಬಿಕೆಯಿಲ್ಲ. ಕಳೆದ ಎಪ್ಪತ್ತು ವರ್ಷಗಳಲ್ಲಿ ಮನಶ್ಶಾಸ್ತ್ರ ಈ ವಿಷಯದಲ್ಲಿ ಕಂಡುಕೊಂಡದ್ದೂ ಬಹುಮಟ್ಟಿಗೆ ಇದಕ್ಕೆ ಎದುರು ದಿಕ್ಕಿನಲ್ಲಿದೆ. ಇನ್ನೊಬ್ಬರು ಬೇಕು ಅನ್ನಿಸುವುದರಲ್ಲಿ ರೋಗವೇನೂ ಇಲ್ಲ. ಆ ‘ಬೇಕು’ವನ್ನು ಬಾಯಿಬಿಟ್ಟು ಹೇಳದೆ ಪರೀಕ್ಷೆಯಾಗಿ ಒಡ್ಡುವುದು, ಅದರ ಪೂರ್ತಿ ಭಾರವನ್ನು ಒಬ್ಬರ ತಲೆಯ ಮೇಲೆ ಹೊರಿಸುವುದು, ಇವೆರಡರಲ್ಲಿ ಸಂಬಂಧ ಸೊರಗುತ್ತದೆ.

ಈ ತಿಳಿವಳಿಕೆ ಮೊದಲು ಹುಟ್ಟಿದ್ದು ಪ್ರೇಮಿಗಳನ್ನು ನೋಡಿ ಅಲ್ಲ, ಆಸ್ಪತ್ರೆಯ ಮಕ್ಕಳನ್ನು ನೋಡಿ. ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ಮಕ್ಕಳ ವಾರ್ಡಿಗೆ ತಂದೆ–ತಾಯಿ ಬರುವುದಕ್ಕೆ ಬಿಗಿಯಾದ ನಿರ್ಬಂಧವಿತ್ತು. ಅವರು ಬಂದುಹೋದರೆ ಮಗು ಅತ್ತು ರಂಪ ಮಾಡುತ್ತದೆ, ಬಾರದಿದ್ದರೆ ಎರಡು ದಿನದಲ್ಲಿ ‘ಹೊಂದಿಕೊಳ್ಳುತ್ತದೆ’ ಎಂಬುದು ವೈದ್ಯರ, ದಾದಿಯರ ಅಂಬೋಣ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿದ್ದ ಜೇಮ್ಸ್ ರಾಬರ್ಟ್‌ಸನ್‌ಗೆ ಈ ಹೊಂದಿಕೆಯ ಮೇಲೆ ಸಂಶಯ ಬಂತು. ಸಣ್ಣದೊಂದು ಹರ್ನಿಯಾ ಶಸ್ತ್ರಚಿಕಿತ್ಸೆಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯನ್ನು ಅವರು ಕ್ಯಾಮೆರಾದಲ್ಲಿ ಹಿಡಿದು 1952ರಲ್ಲಿ ತೋರಿಸಿದರು. ಹಟ ಮಾಡುವ ಮಗುವೇನಲ್ಲ ಅದು. ವಯಸ್ಸಿಗೆ ಮೀರಿ ತಡೆದುಕೊಳ್ಳುತ್ತದೆ, ನಡುನಡುವೆ ಅಮ್ಮನನ್ನು ಕೇಳುತ್ತದೆ, ಅಮ್ಮ ಬಂದಾಗ ಮುಖ ತಿರುಗಿಸುತ್ತದೆ. ವೈದ್ಯರ ಸಭೆಯಲ್ಲಿ ಚಿತ್ರ ತೋರಿಸಿದಾಗ ಹಲವರು ಸಿಟ್ಟಿಗೆದ್ದರು. ಆದರೂ ಬ್ರಿಟನ್ನಿನ ಆಸ್ಪತ್ರೆಗಳು ಕ್ರಮೇಣ ಬಾಗಿಲು ತೆರೆದದ್ದರ ಹಿಂದೆ ಈ ಚಿತ್ರದ ಪಾತ್ರವಿದೆ.

ತಾಯಿಯಿಂದ ದೂರವಾದ ಮಗು ಮೂರು ಹಂತ ದಾಟುತ್ತದೆ ಎಂದು ರಾಬರ್ಟ್‌ಸನ್ ಮತ್ತು ಅವರ ಹಿರಿಯ ಸಹೋದ್ಯೋಗಿ ಜಾನ್ ಬೌಲ್ಬಿ ಗುರುತಿಸಿದರು. ಮೊದಲು ಪ್ರತಿಭಟನೆ: ಅಳು, ಕಿರುಚಾಟ, ಬಾಗಿಲ ಕಡೆ ಓಟ. ನಂತರ ಹತಾಶೆ. ಕೊನೆಗೆ ವಿಮುಖತೆ: ಯಾರು ಬಂದರೂ ಹೋದರೂ ಒಂದೇ ಎಂಬಂತೆ ಇದ್ದುಬಿಡುವುದು. ದಾದಿಯರು ‘ಹೊಂದಿಕೊಂಡಿತು’ ಎನ್ನುತ್ತಿದ್ದದ್ದು ಈ ಮೂರನೆಯ ಹಂತವನ್ನು. ಮೂರೂವರೆಯ ಪ್ರಶ್ನಾರ್ಥಕ ಚಿಹ್ನೆ, ನಾಲ್ಕೂಕಾಲಿನ ‘ಸರಿ, ಬಿಡಿ’, ಐದರ ಎರಡು ಫೋನ್ ಕರೆ ಮೊದಲ ಹಂತದವು. ದೊಡ್ಡವರಾದ ಮೇಲೆ ನೆಲದ ಮೇಲೆ ಬಿದ್ದು ಹೊರಳಾಡುವುದು ಚೆನ್ನಾಗಿ ಕಾಣುವುದಿಲ್ಲ. ಹಾಗಾಗಿ ಮಾತು ಬಿಡುತ್ತೇವೆ, ಸ್ಟೇಟಸ್ಸಿನಲ್ಲಿ ವಿಷಾದಗೀತೆ ಹಾಕುತ್ತೇವೆ, ಹೊಟ್ಟೆಕಿಚ್ಚು ಬರಲಿ ಎಂದು ಇನ್ನೊಬ್ಬರ ಹೆಸರು ಎತ್ತುತ್ತೇವೆ.

ಬೌಲ್ಬಿ ಸ್ವತಃ ಲಂಡನ್ನಿನ ಶ್ರೀಮಂತ ಶಸ್ತ್ರವೈದ್ಯರ ಮಗ, 1907ರಲ್ಲಿ ಹುಟ್ಟಿದವರು. ಅವರ ವರ್ಗದ ಮನೆಗಳಲ್ಲಿ ಮಕ್ಕಳನ್ನು ಸಾಕುತ್ತಿದ್ದವರು ಆಯಾಗಳು. ತಾಯಿಯ ಮುಖ ಕಾಣುತ್ತಿದ್ದದ್ದು ಸಂಜೆಯ ಚಹಾದ ನಂತರದ ಒಂದು ಗಂಟೆ. ಅಕ್ಕರೆಯಿಂದ ನೋಡಿಕೊಂಡಿದ್ದ ಆಯಾ ಬೌಲ್ಬಿಗೆ ನಾಲ್ಕು ತುಂಬುವ ಹೊತ್ತಿಗೆ ಕೆಲಸ ಬಿಟ್ಟು ಹೋದಳು. ಅದನ್ನವರು ಮುಪ್ಪಿನವರೆಗೂ ತಾಯಿಯನ್ನು ಕಳೆದುಕೊಂಡಂಥ ನಷ್ಟವೆಂದೇ ನೆನೆದರು. 1969, 1973 ಮತ್ತು 1980ರಲ್ಲಿ ಬಂದ ಅವರ ಮೂರು ಸಂಪುಟಗಳ ತಿರುಳು ಇಷ್ಟು: ನೆಚ್ಚಿದವರು ಹತ್ತಿರದಲ್ಲಿರಬೇಕು, ಕರೆದರೆ ಓಗೊಡಬೇಕು ಎಂಬ ಹಂಬಲ ಹಸಿವು ನಿದ್ದೆಗಳಷ್ಟೇ ಮೂಲಭೂತ, ಅದು ತೊಟ್ಟಿಲಿನಿಂದ ಚಟ್ಟದವರೆಗೂ ಇರುತ್ತದೆ.

ಬೌಲ್ಬಿಯ ವಿಚಾರಕ್ಕೆ ಕಣ್ಣಾರೆ ಕಂಡ ಸಾಕ್ಷ್ಯ ಕೊಟ್ಟವರು ಮೇರಿ ಐನ್ಸ್‌ವರ್ತ್. 1954ರಲ್ಲಿ ಗಂಡನ ಕೆಲಸದ ನಿಮಿತ್ತ ಉಗಾಂಡಕ್ಕೆ ಹೋದ ಆಕೆ ಕಂಪಾಲಾ ಸುತ್ತಿನ ಹಳ್ಳಿಗಳಲ್ಲಿ 26 ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕೂತರು. ಅಲ್ಲಿ ಕಂಡ ಒಂದು ಸಂಗತಿ ನನಗೆ ತುಂಬ ಇಷ್ಟ. ಯಾವ ತಾಯಿ ತನ್ನ ಮಗುವಿನ ಸ್ವಭಾವವನ್ನು ಎಳೆಎಳೆಯಾಗಿ, ಸಣ್ಣ ಸಣ್ಣ ವಿವರಗಳೊಂದಿಗೆ ಹೇಳಬಲ್ಲಳೋ ಅವಳ ಮಗು ನೆಮ್ಮದಿಯಾಗಿರುತ್ತಿತ್ತು. ಯಾರೋ ನನ್ನನ್ನು ಗಮನಿಸುತ್ತಿದ್ದಾರೆ ಎಂಬುದೇ ಮಗುವಿನ ಧೈರ್ಯ. ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವರು ಒಂದು ಸರಳ ಪ್ರಯೋಗ ಕಟ್ಟಿದರು. ಒಂದು ವರ್ಷದ ಮಗು, ಆಟಿಕೆಗಳಿರುವ ಕೋಣೆ, ತಾಯಿ ಕೆಲ ನಿಮಿಷ ಹೊರಹೋಗಿ ಮರಳಿ ಬರುತ್ತಾಳೆ. ಹೋದಾಗ ಮಗು ಅತ್ತಿತೇ ಇಲ್ಲವೇ ಎಂಬುದಕ್ಕಿಂತ ಬಂದಾಗ ಏನು ಮಾಡಿತು ಎಂಬುದು ಮುಖ್ಯ. ಬಹಳಷ್ಟು ಮಕ್ಕಳು ತಾಯಿಯ ತೋಳಿಗೆ ಬಂದು, ಸಮಾಧಾನಗೊಂಡು, ಮತ್ತೆ ಆಟಕ್ಕಿಳಿದವು. ಕೆಲವು ಅವಳನ್ನು ಕಾಣದಂತೆ ಇದ್ದವು. ಇನ್ನು ಕೆಲವು ಬಿಗಿಯಾಗಿ ಅವಚಿಕೊಂಡವು, ಅವಚಿಕೊಂಡೇ ಹೊಡೆದವು. ಎತ್ತಿಕೊಂಡರೂ ಸಮಾಧಾನವಿಲ್ಲ, ಇಳಿಸಿದರೂ ಇಲ್ಲ. ಮನೆಗಳಲ್ಲಿ ಕೂತು ನೋಡಿದಾಗ ಈ ಕೊನೆಯ ಗುಂಪಿನ ತಾಯಂದಿರು ಪ್ರೀತಿ ಇಲ್ಲದವರೇನೂ ಆಗಿರಲಿಲ್ಲ. ಅವರು ಒಮ್ಮೆ ಓಡಿಬರುತ್ತಿದ್ದರು, ಒಮ್ಮೆ ಬರುತ್ತಿರಲಿಲ್ಲ. ಯಾವಾಗ ಬರುತ್ತಾರೆ ಎಂದು ಮಗು ಊಹಿಸುವಂತಿರಲಿಲ್ಲ.

ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ ಬಿ.ಎಫ್. ಸ್ಕಿನ್ನರ್ ಕಂಡದ್ದೂ ಇದೇ ಜಾತಿಯ ಸತ್ಯ. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಕ್ಕುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೊಮ್ಮೆ, ಲೆಕ್ಕಕ್ಕೆ ಸಿಗದಂತೆ ಕಾಳು ಸಿಕ್ಕುತ್ತಿದ್ದ ಹಕ್ಕಿ ಅಷ್ಟು ಬೇಗ ಬಿಡುವುದಿಲ್ಲ. ಒಂದು ದಿನ ಇಪ್ಪತ್ತು ಸಂದೇಶ, ಮೂರು ದಿನ ಮೌನ, ನಾಲ್ಕನೇ ದಿನ ‘ಮಿಸ್ ಯೂ’ ಎನ್ನುವ ಗೆಳೆಯನನ್ನು ಬಿಡಲಾಗದೆ ಒದ್ದಾಡುವ ಹುಡುಗಿಯನ್ನು ‘ಸ್ವಾಭಿಮಾನ ಇಲ್ಲದವಳು’ ಎನ್ನುವವರು ಈ ಹಕ್ಕಿಯನ್ನು ನೆನೆಯಬೇಕು.

ಐನ್ಸ್‌ವರ್ತ್ ಕಂಡ ಮಕ್ಕಳ ಈ ಮೂರು ಗುಂಪುಗಳ ವಿಂಗಡಣೆ ಪ್ರೇಮಕ್ಕೂ ಹೊಂದುತ್ತದೆಯೇ ಎಂದು ಮೊದಲು ಕೇಳಿದವರು ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್. ಡೆನ್ವರಿನ ದಿನಪತ್ರಿಕೆಯೊಂದರಲ್ಲಿ ಪ್ರಶ್ನಾವಳಿ ಅಚ್ಚುಹಾಕಿಸಿ, ಓದುಗರು ಅಂಚೆಯಲ್ಲಿ ಕಳಿಸಿದ 620 ಉತ್ತರಗಳನ್ನು ಲೆಕ್ಕ ಹಾಕಿ 1987ರಲ್ಲಿ ಪ್ರಕಟಿಸಿದರು. ಶೇ 56ರಷ್ಟು ಜನ ನೆಮ್ಮದಿಯವರು, ಶೇ 25ರಷ್ಟು ದೂರ ಸರಿಯುವವರು, ಶೇ 19ರಷ್ಟು ಆತಂಕದವರು. ಅಲ್ಲಿಂದ ಇಲ್ಲಿಯವರೆಗೆ ಈ ಕ್ಷೇತ್ರದಲ್ಲಿ ಸಾವಿರಾರು ಅಧ್ಯಯನಗಳಾಗಿವೆ; ಜೊತೆಗೆ ‘ನಿಮ್ಮದು ಯಾವ ಟೈಪ್?’ ಎಂಬ ಮೊಬೈಲ್ ಕ್ವಿಜ್‌ಗಳೂ ಹುಟ್ಟಿವೆ. ಜಾತಕದಲ್ಲಿ ರಾಶಿ ನೋಡಿದ ಹಾಗೆ ಇದನ್ನು ನೋಡುವವರಿಗೆ ಒಂದು ಮಾತು: ಇದು ಹಣೆಬರಹವಲ್ಲ. ಅದೇ ವ್ಯಕ್ತಿ ಒಬ್ಬರ ಜೊತೆ ಆತಂಕದಿಂದ, ಇನ್ನೊಬ್ಬರ ಜೊತೆ ನಿಶ್ಚಿಂತೆಯಿಂದ ಇರಬಲ್ಲ. ಬಾಲ್ಯ ಕಷ್ಟದಲ್ಲಿ ಕಳೆದವರೂ ಒಳ್ಳೆಯ ಸಂಗಾತಿ, ಒಳ್ಳೆಯ ಗೆಳೆಯರ ಜೊತೆ ವರ್ಷಗಳು ಕಳೆದಂತೆ ನೆಮ್ಮದಿಯ ಗುಂಪಿಗೆ ಸೇರಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಇನ್ನು ಮನೆಯೊಳಗಿನ ಮುಖ್ಯ ಸಂಕಟಕ್ಕೆ ಬರೋಣ. ‘ನನ್ನ ಮೇಲೆ ನಿಜವಾಗ್ಲೂ ಪ್ರೀತಿ ಇದೆಯಾ?’ ಎಂದು ಆಕೆ ಕೇಳುತ್ತಾಳೆ. ‘ಇದೆ ಮಾರಾಯ್ತಿ’ ಎಂದು ಆತ ಹೇಳುತ್ತಾನೆ. ಅರ್ಧ ಗಂಟೆ ಸಮಾಧಾನ. ಆಮೇಲೆ ಒಳಗಿಂದ ಇನ್ನೊಂದು ದನಿ: ಕೇಳಿದ್ದಕ್ಕೆ ಹೇಳಿದರು, ಕೇಳದಿದ್ದರೆ ಹೇಳುತ್ತಿದ್ದರಾ? ಹೇಳುವಾಗ ಟಿ.ವಿ. ನೋಡ್ತಾ ಇದ್ದರಲ್ಲ? ಮತ್ತೆ ಕೇಳುತ್ತಾಳೆ. ಈ ಬಾರಿ ಉತ್ತರದಲ್ಲಿ ಬೇಸರ ಬೆರೆತಿರುತ್ತದೆ. ಆ ಬೇಸರವೇ ಅವಳ ಸಂಶಯಕ್ಕೆ ಪುರಾವೆ. ಖಿನ್ನತೆಗೂ ಸಂಬಂಧಗಳಿಗೂ ಇರುವ ನಂಟಿನ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕಾಯ್ನ್ 1976ರಲ್ಲಿ ಬರೆದದ್ದು ಇದೇ ಸುಳಿಯನ್ನು: ಭರವಸೆ ಕೇಳುತ್ತಾರೆ, ಸಿಕ್ಕಿದ ಭರವಸೆಯನ್ನು ನಂಬಲಾರರು, ಮತ್ತೆ ಕೇಳುತ್ತಾರೆ, ಎದುರಿನವರು ದಣಿದು ದೂರ ಸರಿಯುತ್ತಾರೆ. ಹೆದರಿದ್ದೇ ಆಗುತ್ತದೆ. ತುರಿಕೆಯನ್ನು ಕೆರೆದುಕೊಂಡ ಹಾಗೆ ಇದು. ಕೆರೆದಾಗ ಸುಖ, ಆಮೇಲೆ ಇನ್ನಷ್ಟು ಉರಿ.

ಎದುರಿನವರೂ ಈ ಸುಳಿಯ ಹೊರಗಿಲ್ಲ. ಒಬ್ಬರು ಬೆನ್ನು ಹತ್ತಿದಷ್ಟೂ ಇನ್ನೊಬ್ಬರು ಮೌನಕ್ಕೆ, ಮೊಬೈಲಿಗೆ, ಆಫೀಸಿಗೆ ಸರಿಯುತ್ತಾರೆ. ಸರಿದಷ್ಟೂ ಬೆನ್ನು ಹತ್ತುವುದು ಜೋರಾಗುತ್ತದೆ. ‘ಅವಳು ಹಾಗೆ ಕಾಡೋದ್ರಿಂದ ನಾನು ಮಾತಾಡಲ್ಲ’ ಎಂದು ಈತ, ‘ಇವರು ಮಾತಾಡದೆ ಇರೋದ್ರಿಂದ ನಾನು ಕಾಡ್ತೀನಿ’ ಎಂದು ಆಕೆ. ಇಬ್ಬರ ಮಾತೂ ನಿಜ. ಆದರೂ ಊರು ‘ಅತಿಯಾಯಿತು’ ಎಂದು ಬೆರಳು ತೋರುವುದು ಕೇಳುವವರ ಕಡೆಗೇ. ಸುಮ್ಮನಿರುವವನಿಗೆ ‘ಗಂಭೀರ ಮನುಷ್ಯ’ ಎಂಬ ಬಿರುದು.

ಹಚ್ಚಿಕೊಳ್ಳುವುದು ಹೆಂಗಸರ ಗುಣ ಎಂಬ ಮಾತಿನಲ್ಲೂ ಹುರುಳಿಲ್ಲ. ಗಂಡಸಿನ ಹಂಬಲಕ್ಕೆ ನಮ್ಮ ಮನೆಗಳಲ್ಲಿ ಬೇರೆ ವೇಷ ಹಾಕಿದ್ದೇವೆ. ಹೆಂಡತಿ ತವರಿಗೆ ಹೋಗಿ ಮೂರನೇ ದಿನಕ್ಕೆ ‘ಯಾವಾಗ ಬರ್ತೀಯ?’ ಎಂದು ಗೊಣಗುವ ಯಜಮಾನರು, ಕಣ್ಣೆದುರಿನ ಕನ್ನಡಕ ಹುಡುಕಿಕೊಡಲು ಒಳಮನೆಯಿಂದ ಅವಳನ್ನು ಕರೆಯುವವರು, ನಿವೃತ್ತಿಯಾದ ಮೇಲೆ ಹೆಂಡತಿ ದೇವಸ್ಥಾನಕ್ಕೆ ಹೊರಟರೂ ‘ಎಲ್ಲಿಗೆ? ಎಷ್ಟು ಹೊತ್ತು?’ ಎಂದು ಕೇಳುವವರು — ಇವರನ್ನು ಯಾರೂ ಅಂಟಿಕೊಂಡವರು ಎನ್ನುವುದಿಲ್ಲ. ಕೇಳುವ ಮೊದಲೇ ಕಾಫಿಯಾಗಿ, ಟವೆಲ್ಲಾಗಿ, ಬಿಸಿನೀರಾಗಿ ಪೂರೈಕೆಯಾಗುವ ಬೇಡಿಕೆ ಬೇಡಿಕೆಯಂತೆ ಕಾಣುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಕೆಲವೇ ತಿಂಗಳಲ್ಲಿ ಕುಸಿದುಹೋದ ಹಿರಿಯರನ್ನು ನೋಡಿದಾಗ ಅದು ಎಷ್ಟು ಆಳದ್ದಿತ್ತೆಂದು ತಿಳಿಯುತ್ತದೆ.

ನಮ್ಮ ಕಡೆ ಈ ಸಂಕಟ ಇತ್ತೀಚೆಗೆ ಹೆಚ್ಚಾದಂತೆ ಕಾಣುವುದಕ್ಕೆ ಸ್ವಭಾವಕ್ಕಿಂತ ಮನೆಯ ರಚನೆ ಹೆಚ್ಚು ಕಾರಣ ಎಂಬುದು ನನ್ನ ಅನಿಸಿಕೆ. ಹಾವೇರಿ ಕಡೆಯ ಹಳ್ಳಿಯಲ್ಲಿ ಬೆಳೆದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ತಲೆ ಬಾಚಲು ಅಜ್ಜಿ, ಗುಟ್ಟು ಹೇಳಲು ಚಿಕ್ಕಮ್ಮನ ಮಗಳು, ಅತ್ತರೆ ಎತ್ತಿಕೊಳ್ಳಲು ಪಕ್ಕದ ಮನೆಯ ಅವ್ವ, ಬೈದಾಗ ಪಕ್ಷ ವಹಿಸಲು ಸೋದರಮಾವ. ಒಂದು ಮನಸ್ಸಿನ ಭಾರವನ್ನು ಹತ್ತು ಹೆಗಲು ಹಂಚಿಕೊಂಡಿದ್ದವು. ಮದುವೆಯಾಗಿ ಅವಳು ವೈಟ್‌ಫೀಲ್ಡಿನ ಹನ್ನೊಂದನೇ ಮಹಡಿಗೆ ಬರುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಹೊರಟ ಗಂಡ ಟ್ರಾಫಿಕ್ ದಾಟಿ ಮರಳುವುದು ರಾತ್ರಿ ಒಂಬತ್ತಕ್ಕೆ. ಎದುರಿನ ಫ್ಲ್ಯಾಟಿನವರ ಹೆಸರು ಗೊತ್ತಿಲ್ಲ. ಹತ್ತು ಜನರಿಂದ ಸಿಗುತ್ತಿದ್ದುದನ್ನೆಲ್ಲ ಅವಳು ಒಬ್ಬನಿಂದ ಕೇಳತೊಡಗುತ್ತಾಳೆ, ಅದೂ ದಿನಕ್ಕೆ ಎರಡು ಗಂಟೆಯಲ್ಲಿ. ಅವನ ಕಥೆಯೂ ಬೇರೆಯಲ್ಲ. ಪಿ.ಜಿ.ಯಲ್ಲಿದ್ದಾಗಿನ ಗೆಳೆಯರು ಮದುವೆಯ ನಂತರ ಒಬ್ಬೊಬ್ಬರಾಗಿ ಜಾರಿದ್ದಾರೆ; ಅವನಿಗೆ ಉಳಿದಿರುವವಳೂ ಇವಳೊಬ್ಬಳೇ.

ಹಾಗೆಂದು ಒಟ್ಟು ಕುಟುಂಬಕ್ಕೆ ಆರತಿ ಎತ್ತಬೇಕಿಲ್ಲ. ಗಂಡನ ಜೊತೆ ನಾಲ್ಕು ಮಾತಾಡಲು ಅತ್ತೆ ಮಲಗುವವರೆಗೆ ಕಾಯುತ್ತಿದ್ದ ಸೊಸೆಯಂದಿರ ಒಂಟಿತನವನ್ನು ಯಾರೂ ಬರೆದಿಡಲಿಲ್ಲ. ನಮ್ಮ ಜನಪದ ಗೀತೆಗಳಲ್ಲಿ ತವರಿನ ಹಂಬಲ ಅಷ್ಟು ತುಂಬಿಕೊಂಡಿರುವುದು ಸುಮ್ಮನೆ ಅಲ್ಲ. ಆದರೆ ಆಷಾಢಕ್ಕೆ, ಬಾಣಂತನಕ್ಕೆ, ಹಬ್ಬಕ್ಕೆ ತವರಿಗೆ ಹೋಗುವ ರೂಢಿ ಮನಸ್ಸಿಗೆ ಇನ್ನೊಂದು ಆಸರೆಯನ್ನು ಜೀವಂತ ಇಟ್ಟಿತ್ತು. ಅದರ ಜಾಗದಲ್ಲೀಗ ವಿಡಿಯೊ ಕಾಲ್ ಇದೆ.

ಹಾಗಾದರೆ ಮಾಡುವುದೇನು? ಮೊದಲ ಕೆಲಸ, ಪರೀಕ್ಷೆಯನ್ನು ನಿಲ್ಲಿಸಿ ಮಾತಾಡುವುದು. ‘ಸರಿ, ಬಿಡಿ’ ಎಂಬುದರೊಳಗೆ ಅಡಗಿರುವ ಮಾತು ‘ಇವತ್ತು ಯಾಕೋ ತುಂಬಾ ಒಂಟಿ ಅನ್ನಿಸ್ತಿದೆ, ಬಿಡುವಾದಾಗ ಐದು ನಿಮಿಷ ಮಾತಾಡಿ’ ಎಂಬುದು. ಇದನ್ನು ಹೇಳುವುದಕ್ಕೆ ಮುನಿಸಿಕೊಳ್ಳುವುದಕ್ಕಿಂತ ಹೆಚ್ಚು ಧೈರ್ಯ ಬೇಕು, ಏಕೆಂದರೆ ಎದುರಿನವರು ಇಲ್ಲ ಎನ್ನಬಹುದು. ‘ಪ್ರೀತಿ ಇದ್ದರೆ ಹೇಳದೆಯೇ ತಿಳಿಯಬೇಕು’ ಎಂಬ ಸಿನಿಮಾ ತತ್ವ ಎಷ್ಟು ಸಂಸಾರಗಳನ್ನು ಹಾಳು ಮಾಡಿದೆಯೋ! ಹೇಳದೆ ತಿಳಿಯಬೇಕಾದ್ದು ಮಾತು ಬಾರದ ಕೂಸಿನ ಅಗತ್ಯ ಮಾತ್ರ.

ಎರಡನೆಯದು ಸ್ವಲ್ಪ ಕಷ್ಟದ್ದು. ತಳಮಳ ಎದ್ದ ಕೂಡಲೇ ಫೋನಿಗೆ ಕೈ ಹೋಗುತ್ತದೆ. ಆ ಕೈಯನ್ನು ಕಾಲು ಗಂಟೆ ತಡೆಯಬೇಕು. ಎದೆ ಬಡಿತ, ಹೊಟ್ಟೆಯಲ್ಲಿ ಸಂಕಟ, ‘ಏನೋ ಆಗಿದೆ’ ಎಂಬ ಭಯ ಶುರುವಾದಾಗ ಅದು ಏರುತ್ತಲೇ ಹೋಗುತ್ತದೆ ಅನ್ನಿಸುತ್ತದೆ. ಸಾಮಾನ್ಯವಾಗಿ ಒಂದು ಮಟ್ಟಕ್ಕೆ ಏರಿ ತಾನಾಗಿಯೇ ಇಳಿಯುತ್ತದೆ. ಆದರೆ ಇಳಿಯುವುದನ್ನು ನೋಡಲು ನಾವು ಯಾವತ್ತೂ ಕಾದಿರುವುದಿಲ್ಲ. ಆ ಹೊತ್ತಲ್ಲಿ ತಾರಸಿಯಲ್ಲಿ ನಡೆದಾಡಿ, ಪಾತ್ರೆ ತೊಳೆಯಿರಿ, ಅಕ್ಕನಿಗೆ ಫೋನ್ ಮಾಡಿ. ಸಂಗಾತಿಯ ‘ಲಾಸ್ಟ್ ಸೀನ್’ ನೋಡುವುದೊಂದನ್ನು ಬಿಟ್ಟು ಏನಾದರೂ ಸರಿ.

ಅಕ್ಕನ ಮಾತು ಬಂದಿತಲ್ಲ, ಹೆಗಲುಗಳ ಸಂಖ್ಯೆ ಹೆಚ್ಚಿಸಿಕೊಳ್ಳುವುದೇ ಇದರ ನಿಜವಾದ ದೀರ್ಘಕಾಲದ ಉಪಾಯ. ಅಪಾರ್ಟ್‌ಮೆಂಟಿನ ಕನ್ನಡ ಬಳಗ, ಭಜನಾ ಮಂಡಳಿ, ಸ್ತ್ರೀಶಕ್ತಿ ಸಂಘ, ಬೆಳಗಿನ ಷಟಲ್ ಗುಂಪು, ಹಳೆಯ ಕಾಲೇಜು ಗೆಳತಿ, ಯಾವುದಾದರೂ ಆದೀತು. ಇದರಿಂದ ಸಂಗಾತಿಯ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ, ಅವರ ಒಂದು ತಪ್ಪಿದ ಫೋನ್ ಕರೆಗೆ ಇಡೀ ದಿನ ಕುಸಿಯುವುದು ಕಡಿಮೆಯಾಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಪೂರ್ತಿ ಹೊಣೆಯನ್ನು ಮತ್ತೆ ಹಂಬಲಿಸುವವರ ಮೇಲೇ ಹೇರಿದಂತಾಗುತ್ತದೆ. ಎದುರಿನವರ ಕೆಲಸ ಇನ್ನೂ ಸುಲಭ, ಹೆಚ್ಚು ಫಲ ಕೊಡುವಂಥದ್ದು. ಬ್ರೂಕ್ ಫೀನಿ ಎಂಬ ಸಂಶೋಧಕಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಅವಲಂಬನೆಯನ್ನು ಸಂಗಾತಿ ಒಪ್ಪಿಕೊಂಡು ಸ್ಪಂದಿಸುತ್ತಾರೆ ಎನ್ನುವವರು ಆರು ತಿಂಗಳ ನಂತರ ಹೆಚ್ಚು ಸ್ವತಂತ್ರರಾಗಿದ್ದರು. ‘ಸಲಿಗೆ ಕೊಟ್ಟರೆ ತಲೆ ಮೇಲೆ ಕೂತ್ಕೋತಾಳೆ’ ಎಂಬ ಲೋಕಾಭಿಪ್ರಾಯಕ್ಕೆ ಇದು ತಿರುಗೇಟು. ಕೈಗೆ ಸಿಗುತ್ತಾರೆ ಎಂದು ಗೊತ್ತಿದ್ದರೆ ಜನ ಕೈ ಬಿಟ್ಟು ಓಡಾಡುತ್ತಾರೆ. ಇದಕ್ಕೆ ದೊಡ್ಡ ಪ್ರೇಮ ನಿವೇದನೆಯೇನೂ ಬೇಕಿಲ್ಲ. ‘ಮೀಟಿಂಗ್‌ನಲ್ಲಿದೀನಿ, ಆರೂವರೆಗೆ ಮಾಡ್ತೀನಿ’ ಎಂಬ ಒಂದು ಸಾಲು, ಮತ್ತು ಆರೂವರೆಗೆ ನಿಜವಾಗಿ ಫೋನ್ ಮಾಡುವುದು. ದಿನಕ್ಕೆ ಹತ್ತು ‘ಲವ್ ಯೂ’ಗಿಂತ ತಪ್ಪದೆ ಬರುವ ಒಂದು ‘ಊಟ ಆಯ್ತಾ?’ ಹೆಚ್ಚು ಕೆಲಸ ಮಾಡುತ್ತದೆ. ಸಿಯಾಟಲ್‌ನಲ್ಲಿ ನವದಂಪತಿಗಳನ್ನು ಗಮನಿಸಿದ ಜಾನ್ ಗಾಟ್‌ಮನ್ ಕೊಡುವ ಲೆಕ್ಕ ಹೀಗಿದೆ: ಆರು ವರ್ಷಗಳ ನಂತರವೂ ಒಟ್ಟಿಗಿದ್ದವರು ಸಂಗಾತಿಯ ಇಂಥ ಸಣ್ಣ ಸಣ್ಣ ಕರೆಗಳಿಗೆ ಶೇ 86ರಷ್ಟು ಸಲ ಓಗೊಟ್ಟಿದ್ದರು, ಬೇರಾದವರು ಶೇ 33ರಷ್ಟು ಸಲ.

ಮಾತು ಬಾರದವರಿಗೂ ದಾರಿಯಿದೆ. 2006ರಲ್ಲಿ ಜೇಮ್ಸ್ ಕೋನ್ ಮತ್ತು ಸಂಗಡಿಗರು 16 ವಿವಾಹಿತ ಮಹಿಳೆಯರನ್ನು ಮೆದುಳಿನ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, ಕಾಲಿಗೆ ಸಣ್ಣ ಶಾಕ್ ಹೊಡೆಯಬಹುದು ಎಂದು ಸೂಚನೆ ಕೊಟ್ಟರು. ಗಂಡನ ಕೈ ಹಿಡಿದುಕೊಂಡಾಗ ಮೆದುಳಿನಲ್ಲಿ ಭಯದ ಚಟುವಟಿಕೆ ಇಳಿಯಿತು. ಅಪರಿಚಿತರ ಕೈ ಹಿಡಿದಾಗಲೂ ತುಸು ಇಳಿಯಿತು, ಅಷ್ಟಲ್ಲ. ದಾಂಪತ್ಯ ಚೆನ್ನಾಗಿದ್ದಷ್ಟೂ ಪರಿಣಾಮ ಹೆಚ್ಚು. ಮನೆಗೆ ಬಂದವರು ಬ್ಯಾಗ್ ಇಳಿಸಿ ಎರಡು ನಿಮಿಷ ಪಕ್ಕದಲ್ಲಿ ಕೂತರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಎಲ್ಲ ತಳಮಳವೂ ಒಳಗಿನ ಕೊರತೆಯಲ್ಲ. ಸಂಗಾತಿ ನಿಜವಾಗಿಯೂ ಸುಳ್ಳು ಹೇಳುತ್ತಿದ್ದರೆ, ಮೋಸ ಮಾಡುತ್ತಿದ್ದರೆ, ಬೇಕೆಂದೇ ವಾರಗಟ್ಟಲೆ ಮಾತು ಬಿಟ್ಟು ಆಟ ಆಡಿಸುತ್ತಿದ್ದರೆ, ನಿಮ್ಮ ಸಂಶಯ ಸರಿಯಾಗಿಯೇ ಇದೆ. ಅಂಥವರು ‘ನೀನು ಅತಿ ಸೂಕ್ಷ್ಮ’ ಎಂದು ಹಣೆಪಟ್ಟಿ ಹಚ್ಚುವುದರಲ್ಲಿ ನಿಸ್ಸೀಮರು. ಇನ್ನೊಂದು ತುದಿಯಲ್ಲಿ, ಪ್ರೀತಿಯ ಹೆಸರಲ್ಲಿ ಫೋನಿನ ಪಾಸ್‌ವರ್ಡ್ ಕೇಳುವುದು, ಲೊಕೇಷನ್ ಹಾಕಿಸುವುದು, ಗೆಳತಿಯರನ್ನು ಬಿಡಿಸುವುದು, ಕೆಲಸ ಬಿಡಿಸುವುದು, ‘ನೀನು ಬಿಟ್ಟು ಹೋದರೆ ಸಾಯ್ತೀನಿ’ ಎಂದು ಕಟ್ಟಿಹಾಕುವುದು. ಇದು ಹಂಬಲದ ಗಡಿ ದಾಟಿ ಹತೋಟಿಯಾಗಿದೆ. ಇದಕ್ಕೆ ತಾಳ್ಮೆ ಮದ್ದಲ್ಲ. ಸಾಯುವ ಮಾತನ್ನು ಬೆದರಿಕೆ ಎಂದು ತಳ್ಳಿಹಾಕಲೂ ಬಾರದು, ಅದರ ಹೊಣೆಯನ್ನು ಒಬ್ಬರೇ ಹೊರಲೂ ಬಾರದು. ಮನೆಯವರಿಗೆ ತಿಳಿಸಿ, ವೈದ್ಯರ ಬಳಿ ಕರೆದೊಯ್ಯಬೇಕು.

ಹೊಡೆತ ಬಡಿತ, ಬೆದರಿಕೆ ಇರುವ ಕಡೆ ಮಹಿಳಾ ಸಹಾಯವಾಣಿ 181 ಇದೆ. ಮನಸ್ಸಿನ ತಳಮಳ ನಿದ್ದೆ, ಊಟ, ಕೆಲಸವನ್ನು ಕೆಡಿಸುತ್ತಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ ಅದರ ಕೇಂದ್ರಬಿಂದು. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.